ಇಪ್ಪತ್ತಕ್ಕೆ ಇಪ್ಪತ್ತು: ಅಂಕ ಸಿಕ್ಕಿತು, ಅಳತೆ ಎಲ್ಲಿದೆ?

ಕಾಕ್ಕನಾಡಿನ ನಮ್ಮ ಫ್ಲಾಟಿಗೆ ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಓಡಿಬಂದಳು. ‘ಅಮ್ಮ, ಪ್ರಾಜೆಕ್ಟಿಗೆ ಇಪ್ಪತ್ತಕ್ಕೆ ಇಪ್ಪತ್ತು!’ ಒಂಬತ್ತನೇ ತರಗತಿ, ಕೇರಳ ರಾಜ್ಯ ಪಠ್ಯಕ್ರಮ. ವಿಷಯ, 2018ರ ಪೆರಿಯಾರ್ ಪ್ರವಾಹ. ಅದನ್ನು ಅವಳು ಹಿಂದಿನ ರಾತ್ರಿ ಹತ್ತು ಗಂಟೆಗೆ ಕೂತು ಬರೆದದ್ದು ನನಗೆ ಗೊತ್ತು. ಎರಡು ಚಿತ್ರ ಡೌನ್‌ಲೋಡ್ ಮಾಡಿ ಅಂಟಿಸಿದ್ದಳು, ಮೂರು ಪುಟ ಎಲ್ಲಿಂದಲೋ ಇಳಿಸಿದ್ದಳು.

‘ಉಳಿದವರಿಗೆ ಎಷ್ಟು?’ ಎಂದೆ.

‘ಎಲ್ಲರಿಗೂ ಇಪ್ಪತ್ತೇ.’

‘ಮತ್ತೆ ಆ ಹುಡುಗಿ? ಅಜ್ಜಿಯನ್ನೂ ನೆರೆಮನೆಯವರನ್ನೂ ಮಾತಾಡಿಸಿ, ನೀರು ಎಷ್ಟು ಎತ್ತರ ಬಂದಿತ್ತೆಂದು ಗೋಡೆಯ ಗುರುತು ಅಳೆದು ಬರೆದಿದ್ದಳಲ್ಲ?’

‘ಅವಳಿಗೂ ಇಪ್ಪತ್ತೇ ಅಮ್ಮ. ಟೀಚರ್ ಕೊನೆಯ ಪುಟಕ್ಕೆ ಸಹಿ ಹಾಕಿದರು, ಅಷ್ಟೆ.’

ಅದೇ ರಾತ್ರಿ ತಿಪಟೂರಿನಿಂದ ತಮ್ಮ ಫೋನ್ ಮಾಡಿದ. ಅವನ ಮಗ ಈ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುತ್ತಾನೆ. ‘ಅಕ್ಕ, ಈ ಸಲ ಆರುನೂರ ಇಪ್ಪತ್ತೈದಕ್ಕೆ ಇನ್ನೂರ ಆರು ಬಂದ್ರೆ ಪಾಸಂತೆ. ಇಂಟರ್ನಲ್ ಬೇರೆ ಸ್ಕೂಲಲ್ಲೇ ಕೊಡ್ತಾರೆ. ನೆಮ್ಮದಿಯಾಯ್ತು ಬಿಡು’ ಎಂದ. ನೆಮ್ಮದಿಪಡಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ. ಫೋನ್ ಇಟ್ಟ ಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದೆ.

ಎರಡು ರಾಜ್ಯ, ಎರಡು ದಿಕ್ಕು

ಕೇರಳದಲ್ಲಿ ನೂರು ಅಂಕದ ಒಂದು ವಿಷಯಕ್ಕೆ ಬರವಣಿಗೆಯ ಪರೀಕ್ಷೆ 80, ನಿರಂತರ ಮೌಲ್ಯಮಾಪನ 20. ಉನ್ನತ ಶಿಕ್ಷಣಕ್ಕೆ ಅರ್ಹತೆ ಸಿಗಲು ‘ಡಿ ಪ್ಲಸ್’ ಗ್ರೇಡ್, ಅಂದರೆ 30 ಸಾಕು. ಶಾಲೆಯ 20 ಪೂರ್ತಿ ಬಂದರೆ ಪರೀಕ್ಷೆಯಲ್ಲಿ 80ಕ್ಕೆ 10 ತೆಗೆದ ಮಗುವೂ ದಾಟುತ್ತದೆ. ಈ ಲೆಕ್ಕವೇ ಇಲ್ಲಿ ವರ್ಷಗಳಿಂದ ಚರ್ಚೆಯಾಗುತ್ತಿರುವುದು. ಅದಕ್ಕೇ ಆಗಸ್ಟ್ 2024ರಲ್ಲಿ ಕೇರಳ ಸಚಿವ ಸಂಪುಟ ‘ಸಬ್ಜೆಕ್ಟ್ ಮಿನಿಮಮ್’ ತರಲು ತೀರ್ಮಾನಿಸಿತು. ಬರವಣಿಗೆಯ ಪರೀಕ್ಷೆಯಲ್ಲೇ ಪ್ರತಿ ವಿಷಯಕ್ಕೂ ಶೇ 30 ಬೇಕು, 80ಕ್ಕೆ 24. 2024–25ರಲ್ಲಿ ಎಂಟನೇ ತರಗತಿ, 2025–26ರಲ್ಲಿ ಒಂಬತ್ತು, 2026–27ರಲ್ಲಿ ಹತ್ತು. ನನ್ನ ಮಗಳದ್ದು ಈ ನಿಯಮದ ಮೊದಲ ತಂಡ. ಪ್ರತಿ ವರ್ಷ ಅವಳ ಜೊತೆಗೇ ನಿಯಮವೂ ಒಂದು ತರಗತಿ ಮೇಲೆ ಹೋಗುತ್ತಿದೆ.

ಕರ್ನಾಟಕ ಸರಿಯಾಗಿ ಎದುರು ದಿಕ್ಕಿಗೆ ನಡೆದಿದೆ. ಅಕ್ಟೋಬರ್ 2025ರಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಪ್ರಕಟಿಸಿದ ಪ್ರಕಾರ ಆಂತರಿಕ ಅಂಕ ಮತ್ತು ಪರೀಕ್ಷೆಯ ಅಂಕ ಎರಡೂ ಸೇರಿ ಒಟ್ಟು ಶೇ 33, ಪ್ರತಿ ವಿಷಯದಲ್ಲಿ ಕನಿಷ್ಠ 30 ಬಂದರೆ ಉತ್ತೀರ್ಣ. 625ರಲ್ಲಿ 125 ಆಂತರಿಕ ಅಂಕ. ಅದಷ್ಟೂ ಸಿಕ್ಕರೆ 206 ಮುಟ್ಟಲು ಪರೀಕ್ಷೆಯ 500ರಲ್ಲಿ ಬೇಕಾಗುವುದು 81 ಮಾತ್ರ, ಶೇಕಡಾ ಹದಿನಾರು ಚಿಲ್ಲರೆ. ಕೇರಳ ಯಾವ ಲೆಕ್ಕದಿಂದ ಹೊರಬರಲು ಒದ್ದಾಡುತ್ತಿದೆಯೋ ಆ ಲೆಕ್ಕದೊಳಕ್ಕೆ ನಮ್ಮ ತವರು ಕಾಲಿಡುತ್ತಿದೆ.

ಕರ್ನಾಟಕಕ್ಕೂ ಕಾರಣ ಇಲ್ಲದಿಲ್ಲ. 2023ರಲ್ಲಿ ಶೇ 83.89 ಇದ್ದ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕೃಪಾಂಕ ಕೈಬಿಟ್ಟ 2025ರಲ್ಲಿ ಮತ್ತೂ ಕುಸಿಯಿತು. ನಪಾಸಾದ ಮಕ್ಕಳಲ್ಲಿ ಎಷ್ಟೋ ಮಂದಿ ಶಾಲೆಯ ಕಡೆ ಮತ್ತೆ ಮುಖ ಹಾಕುವುದಿಲ್ಲ ಎಂಬುದು ನಿಜವಾದ ಸಂಕಟ. ಆದರೆ ದಾಟುವ ಗೆರೆ ಎಲ್ಲಿರಬೇಕು ಎಂದು ಎರಡೂ ರಾಜ್ಯಗಳು ಜಗ್ಗಾಡುವಾಗ ಯಾರೂ ಕೇಳದ ಪ್ರಶ್ನೆ ಒಂದಿದೆ. ಶಾಲೆ ಕೊಡುವ ಆ 20 ಅಂಕವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಾರೆ?

ಕೋಲು ಬದಲಾದರೆ ಮಗು ಬದಲಾದಂತೆ

ಆ ಅಳತೆಗೋಲಿಗೆ ಶಿಕ್ಷಣದಲ್ಲಿ ‘ರೂಬ್ರಿಕ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಕೆಂಪು ಮಣ್ಣಿಗೆ ಇರುವ ಹೆಸರು ಅದು. ಹಳೆಯ ಕೈಬರಹದ ಪುಸ್ತಕಗಳಲ್ಲಿ ಶೀರ್ಷಿಕೆ, ಸೂಚನೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು, ಅಲ್ಲಿಂದ ಬಂತು. ಇಂದು ಅದೊಂದು ಪಟ್ಟಿ. ಎಡಗಡೆ ಏನೇನನ್ನು ನೋಡಬೇಕು ಎಂಬುದು, ಬಲಗಡೆ ಪ್ರತಿಯೊಂದಕ್ಕೂ ಮೂರು ನಾಲ್ಕು ಹಂತ. ಪ್ರವಾಹದ ಪ್ರಾಜೆಕ್ಟಿಗೇ ಹೇಳುವುದಾದರೆ: ‘ಮಾಹಿತಿಯನ್ನು ಒಂದೇ ಕಡೆಯಿಂದ ಇಳಿಸಿದೆ’ 1 ಅಂಕ, ‘ಎರಡು ಮೂರು ಮೂಲಗಳಿಂದ ಕಲೆಹಾಕಿ ಹೆಸರು ಹೇಳಿದೆ’ 3, ‘ತಾನೇ ಹೋಗಿ ಕೇಳಿ, ಅಳೆದು, ಬೇರೆ ಮೂಲದೊಂದಿಗೆ ಹೋಲಿಸಿದೆ’ 5. ಇಷ್ಟಿದ್ದಿದ್ದರೆ ನನ್ನ ಮಗಳಿಗೂ ಆ ಹುಡುಗಿಗೂ ಒಂದೇ ಅಂಕ ಬರುತ್ತಿರಲಿಲ್ಲ. ಮಗಳಿಗೆ ಮುಂದಿನ ಸಲ ಏನು ಮಾಡಬೇಕೆಂದು ತಿಳಿಯುತ್ತಿತ್ತು.

ಇಂಥ ಪಟ್ಟಿ ಏಕೆ ಬೇಕು ಎಂಬುದು ನೂರು ವರ್ಷಕ್ಕೂ ಹಿಂದೆಯೇ ಗೊತ್ತಾಗಿದೆ. 1912–13ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಉತ್ತರ ಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಗೆ ಕಳಿಸಿದರು. ಇಂಗ್ಲಿಷ್ ಪತ್ರಿಕೆಗೆ ಒಬ್ಬರು 64 ಕೊಟ್ಟರೆ ಇನ್ನೊಬ್ಬರು 98. ಭಾಷೆಯ ವಿಷಯವಲ್ಲವೇ, ರುಚಿಯ ಮಾತು ಎಂದರು ಕೆಲವರು. ಸರಿ ಎಂದು ರೇಖಾಗಣಿತದ ಪತ್ರಿಕೆ ಕಳಿಸಿದರೆ ಅಂಕ 28ರಿಂದ 92ರವರೆಗೆ ಹರಡಿತು! 1961ರಲ್ಲಿ ಪಾಲ್ ಡೀಡೆರಿಕ್ ಮತ್ತು ಸಂಗಡಿಗರು 300 ಪ್ರಬಂಧಗಳನ್ನು 53 ಮಂದಿಯ ಕೈಲಿ ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿದಾಗ, ನೂರಕ್ಕೆ 94 ಪ್ರಬಂಧಗಳು ಏಳು ಅಥವಾ ಅದಕ್ಕಿಂತ ಹೆಚ್ಚು ಬೇರೆ ಬೇರೆ ದರ್ಜೆ ಪಡೆದವು. ಒಬ್ಬರು ವಿಚಾರ ನೋಡುತ್ತಿದ್ದರು, ಒಬ್ಬರು ಕಾಗುಣಿತ, ಮತ್ತೊಬ್ಬರು ಕಟ್ಟುವಿಕೆ. ಅವರಲ್ಲಿ ಯಾರೂ ಕೆಟ್ಟ ಮೇಷ್ಟರಲ್ಲ. ಏನನ್ನು ನೋಡಬೇಕೆಂದು ಒಟ್ಟಿಗೆ ಕೂತು ಮಾತಾಡಿಕೊಂಡಿರಲಿಲ್ಲ, ಅಷ್ಟೆ.

ತಿಪಟೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಅಪ್ಪ ಕೊಬ್ಬರಿ ಮಾರುವಾಗ ಒಬ್ಬ ವರ್ತಕ ಕೈಯಲ್ಲಿ ಹಿಡಿದು ‘ಇದು ಸಾಧಾರಣ’ ಎನ್ನುತ್ತಿದ್ದ, ಪಕ್ಕದವನು ಅದೇ ಕೊಬ್ಬರಿಯನ್ನು ‘ಚೊಕ್ಕ ಮಾಲು’ ಎನ್ನುತ್ತಿದ್ದ. ಖರೀದಿ ಕೇಂದ್ರದಲ್ಲಾದರೆ ಗಾತ್ರ, ತೇವ, ಬೂಸ್ಟು ಎಂದು ಬರೆದಿಟ್ಟ ಗುಣಮಟ್ಟ ಇರುತ್ತದೆ. ಅದರಲ್ಲೂ ತಕರಾರು ಬರುತ್ತದೆ. ಆದರೆ ತಕರಾರು ಯಾವುದರ ಬಗ್ಗೆ ಎಂದಾದರೂ ಗೊತ್ತಿರುತ್ತದೆ.

ಕೇರಳದ್ದೇ ಅಂಕಿ ನೋಡಿ. ಇಲ್ಲಿ ಎಸ್‌ಎಸ್‌ಎಲ್‌ಸಿಗೆ ಗ್ರೇಡ್ ಪದ್ಧತಿ ಬಂದದ್ದು 2005ರಲ್ಲಿ. ಆ ವರ್ಷ ಉತ್ತೀರ್ಣರಾದವರು ಶೇ 60ಕ್ಕಿಂತ ಕಡಿಮೆ. ಈಚಿನ ವರ್ಷಗಳಲ್ಲಿ ಅದು 99ರಿಂದ ಕೆಳಗಿಳಿಯುತ್ತಿಲ್ಲ. 2023ರಲ್ಲಿ ಶೇ 99.70, 2025ರಲ್ಲಿ 99.5. ಎಲ್ಲ ವಿಷಯಕ್ಕೂ ‘ಎ ಪ್ಲಸ್’ ಪಡೆದವರ ಸಂಖ್ಯೆ ಇನ್ನೂ ಸ್ವಾರಸ್ಯ. 2021ರಲ್ಲಿ 1,21,318. ಮರುವರ್ಷ 44,363. ಒಂದೇ ವರ್ಷದಲ್ಲಿ ಕೇರಳದ ಮಕ್ಕಳ ಬುದ್ಧಿ ಮೂರನೇ ಒಂದಕ್ಕೆ ಇಳಿಯಿತೇ? ಇಲ್ಲ. ಕೋವಿಡ್ ಎಂದು 2021ರ ಪತ್ರಿಕೆಯಲ್ಲಿ ‘ಫೋಕಸ್ ಏರಿಯಾ’ ಗುರುತಿಸಿ, ಆಯ್ಕೆಗೆ ಧಾರಾಳ ಪ್ರಶ್ನೆ ಕೊಟ್ಟಿದ್ದರು. ಮರುವರ್ಷ ಅದನ್ನು ಬಿಗಿ ಮಾಡಿದರು. ಕೋಲು ಬದಲಾಯಿತು. ಆದರೆ ಅಂಕಪಟ್ಟಿಯಲ್ಲಿ ಎರಡೂ ವರ್ಷದ ಎ ಪ್ಲಸ್ ಒಂದೇ ರೀತಿ ಅಚ್ಚಾಗಿವೆ.

ಡಿಸೆಂಬರ್ 2023ರಲ್ಲಿ ಆಗಿನ ಸಾರ್ವಜನಿಕ ಶಿಕ್ಷಣ ನಿರ್ದೇಶಕ ಎಸ್. ಶಾನವಾಸ್ ಶಿಕ್ಷಕರ ಸಭೆಯೊಂದರಲ್ಲಿ, ಓದಲು ಬರೆಯಲು ನೆಟ್ಟಗೆ ಬಾರದವರಿಗೂ ಎ ಪ್ಲಸ್ ಹೋಗುತ್ತಿದೆ ಎಂಬರ್ಥದ ಮಾತಾಡಿದ ಧ್ವನಿಮುದ್ರಿಕೆ ಹೊರಬಿತ್ತು. ಅದು ಸರ್ಕಾರದ ನಿಲುವಲ್ಲ ಎಂದು ಸಚಿವ ವಿ. ಶಿವನ್‌ಕುಟ್ಟಿ ಹೇಳಿದರು. ಆದರೂ ಎಂಟು ತಿಂಗಳಲ್ಲಿ ಸಬ್ಜೆಕ್ಟ್ ಮಿನಿಮಮ್ ಬಂತು. ಏಪ್ರಿಲ್ 2025ರಲ್ಲಿ ಎಂಟನೇ ತರಗತಿಯ ಮೊದಲ ಫಲಿತಾಂಶ ಬಂದಾಗ ಸುಮಾರು ಐವರಲ್ಲಿ ಒಬ್ಬ ಮಗು ಕನಿಷ್ಠ ಒಂದು ವಿಷಯದಲ್ಲಾದರೂ ಶೇ 30 ಮುಟ್ಟಿರಲಿಲ್ಲ. ಎರಡು ವರ್ಷ ಕಳೆದರೆ ನೂರಕ್ಕೆ ತೊಂಬತ್ತೊಂಬತ್ತು ಪಾಸಾಗುವ ತರಗತಿಗೆ ಹೋಗುವವರು ಇದೇ ಮಕ್ಕಳು.

ಪಟ್ಟಿ ಇದ್ದರೆ ಸಾಲದು

ಹಾಗಾದರೆ ಎಲ್ಲದಕ್ಕೂ ರೂಬ್ರಿಕ್ ಬರೆದುಬಿಟ್ಟರೆ ಮುಗಿಯಿತೇ? ನಾನು ಇನ್ಫೋಪಾರ್ಕಿನಲ್ಲಿ ಸಾಫ್ಟ್‌ವೇರ್ ಗುಣಮಟ್ಟದ ಕೆಲಸ ಮಾಡುವವಳು. ವರ್ಷಕ್ಕೊಮ್ಮೆ ನನ್ನ ತಂಡದವರ ಅಪ್ರೈಸಲ್ ನನ್ನ ಕೈಯಲ್ಲಿ. ನಮಗೂ ಒಂದು ಪಟ್ಟಿ ಕೊಟ್ಟಿದ್ದಾರೆ. ‘ನಿರೀಕ್ಷೆಗೆ ತಕ್ಕಂತೆ’, ‘ನಿರೀಕ್ಷೆ ಮೀರಿ’, ‘ಅಸಾಧಾರಣ’. ನಿರೀಕ್ಷೆ ಏನು ಎಂದು ಎಲ್ಲೂ ಬರೆದಿಲ್ಲ. ಮೊದಲ ವರ್ಷ ನಾನು ಮಾಡಿದ್ದು ಏನೆಂದರೆ, ಮೊದಲು ಮನಸ್ಸಿನಲ್ಲಿ ಅಂಕ ಹಾಕಿ, ಆಮೇಲೆ ಅದಕ್ಕೆ ಹೊಂದುವ ಮಾತನ್ನು ಪಟ್ಟಿಯಿಂದ ಆರಿಸಿದ್ದು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಮಗಳ ಟೀಚರ್ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಇದು ನೆನಪಾಯಿತು.

ತಿಂಗಳಿಗೊಮ್ಮೆ ಕೆಲಸದ ಮೇಲೆ ತಿರುವನಂತಪುರದ ಟೆಕ್ನೋಪಾರ್ಕಿಗೆ ಹೋಗುತ್ತೇನೆ. ಅಲ್ಲಿ ಸಹೋದ್ಯೋಗಿಯೊಬ್ಬರ ತಾಯಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮನೆ ಪೂಜಪ್ಪುರದ ಕಡೆ. ಪರೀಕ್ಷಾ ಭವನವೂ ಪಠ್ಯಕ್ರಮ ರೂಪಿಸುವ ಎಸ್‌ಸಿಇಆರ್‌ಟಿಯೂ ಇರುವ ಜಾಗ. ಈ ಸಲ ಊಟಕ್ಕೆ ಕೂತಾಗ ‘ಟೀಚರ್, ಎಲ್ಲರಿಗೂ ಇಪ್ಪತ್ತು ಏಕೆ ಕೊಡ್ತೀರಿ?’ ಎಂದು ಕೇಳಿಯೇ ಬಿಟ್ಟೆ. ಅವರು ನಕ್ಕರು. ‘ನಲವತ್ತು ಮಕ್ಕಳು, ಐದು ಕ್ಲಾಸು. ಹದಿನೈದು ಕೊಟ್ಟರೆ ಪಕ್ಕದ ಶಾಲೆಯವರು ಇಪ್ಪತ್ತು ಕೊಟ್ಟಿರುತ್ತಾರೆ. ನನ್ನ ಮಗು ಪ್ಲಸ್ ಒನ್ ಸೀಟು ಕಳೆದುಕೊಳ್ಳುತ್ತದೆ. ನಾನು ಪ್ರಾಮಾಣಿಕಳಾದ ತಪ್ಪಿಗೆ ಅದು ಏಕೆ ದಂಡ ಕಟ್ಟಬೇಕು ಮೋಳೇ?’

ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಶಿಕ್ಷಕರು ಸೋಮಾರಿಗಳೆಂದು ಬೈದು ಮುಗಿಸುವವರಿಗೂ ಇರಲಾರದು. ಒಬ್ಬರೇ ನೆಟ್ಟಗೆ ಅಳೆದರೆ ನಷ್ಟವಾಗುವ ವ್ಯವಸ್ಥೆಯಲ್ಲಿ ಎಲ್ಲರೂ ಧಾರಾಳಿಗಳಾಗುತ್ತಾರೆ.

ಅಳತೆಪಟ್ಟಿಯೇ ಜಗಳವಾದದ್ದೂ ಉಂಟು. ಏಪ್ರಿಲ್ 2022ರಲ್ಲಿ ಪ್ಲಸ್ ಟೂ ರಸಾಯನಶಾಸ್ತ್ರದ ಮೌಲ್ಯಮಾಪನ ಶುರುವಾದಾಗ ಕೇರಳದ ಹಲವು ಕ್ಯಾಂಪುಗಳಲ್ಲಿ ಶಿಕ್ಷಕರು ಪತ್ರಿಕೆ ತಿದ್ದಲು ಒಪ್ಪಲಿಲ್ಲ. ಕೊಟ್ಟ ಉತ್ತರ ಸೂಚಿಯಲ್ಲಿ ತಪ್ಪುಗಳಿವೆ, ಅದರಂತೆ ತಿದ್ದಿದರೆ ಮಕ್ಕಳಿಗೆ ಅನ್ಯಾಯ ಎಂದರು. ಶಿಕ್ಷಕರು ಸಿದ್ಧಪಡಿಸಿದ್ದ ಸೂಚಿಯಲ್ಲಿ ಅಂಕ ಅತಿಯಾಗಿ ಸಡಿಲವಾಗಿತ್ತು ಎಂಬುದು ಸರ್ಕಾರದ ಕಡೆಯ ಮಾತು. ಕೆಲವು ದಿನ ಕ್ಯಾಂಪು ನಿಂತು, ಕೊನೆಗೆ ತಜ್ಞರ ಸಮಿತಿ ಹೊಸ ಸೂಚಿ ಮಾಡಬೇಕಾಯಿತು. ಯಾರು ಸರಿ ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು, ಪರೀಕ್ಷೆ ಮುಗಿದ ಮೇಲೆ ಅಳತೆಗೋಲಿನ ಬಗ್ಗೆ ವಾದ ಶುರುವಾಯಿತು ಎಂಬುದು. 2025ರಲ್ಲಿ ಕೇರಳದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ‘ಕೀಂ’ನಲ್ಲೂ ಬೇರೆ ಬೇರೆ ಬೋರ್ಡುಗಳ ಅಂಕ ಸರಿದೂಗಿಸುವ ಸೂತ್ರವನ್ನು ಕೊನೆ ಗಳಿಗೆಯಲ್ಲಿ ಬದಲಿಸಿದ್ದಕ್ಕೆ ಹೈಕೋರ್ಟ್ ಜುಲೈನಲ್ಲಿ ರ್‍ಯಾಂಕ್ ಪಟ್ಟಿಯನ್ನೇ ರದ್ದು ಮಾಡಿತು. ಹೊಸ ಪಟ್ಟಿಯಲ್ಲಿ ರ್‍ಯಾಂಕ್‌ಗಳು ಮೇಲೆ ಕೆಳಗಾದವು. ಆಟ ಮುಗಿದ ಮೇಲೆ ನಿಯಮ ಬರೆದರೆ ಗೆದ್ದವನಿಗೂ ಸಮಾಧಾನವಿಲ್ಲ, ಸೋತವನಿಗೂ ಇಲ್ಲ.

ಸ್ವೀಡನ್ನಿನ ಆಂಡರ್ಸ್ ಯೋನ್ಸನ್ ಮತ್ತು ಗುನಿಲ್ಲಾ ಸ್ವಿಂಗ್‌ಬಿ 2007ರಲ್ಲಿ ರೂಬ್ರಿಕ್ ಕುರಿತ 75 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಹೇಳಿದ್ದು ಇದನ್ನೇ. ಪಟ್ಟಿ ಇದ್ದ ಮಾತ್ರಕ್ಕೆ ಅಳತೆ ನೆಟ್ಟಗಾಗುವುದಿಲ್ಲ. ಅದು ಬಿಡಿಬಿಡಿಯಾಗಿ, ಆಯಾ ವಿಷಯಕ್ಕೇ ಬರೆದದ್ದಾಗಿರಬೇಕು. ಜೊತೆಗೆ ಮಾದರಿ ಉತ್ತರಗಳು ಇರಬೇಕು, ತಿದ್ದುವವರಿಗೆ ತರಬೇತಿ ಇರಬೇಕು. ಆಗ ಫಲ ಉಂಟು. ಈ ಪಾಠ ನಮ್ಮ ದೇಶಕ್ಕೂ ಅನುಭವದಿಂದಲೇ ಬಂದಿದೆ. 2009ರಲ್ಲಿ ಸಿಬಿಎಸ್‌ಇ ತಂದ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ದ ಉದ್ದೇಶ ಒಳ್ಳೆಯದೇ ಇತ್ತು. ಶಿಕ್ಷಕರ ಪಾಲಿಗೆ ಅದು ತುಂಬಬೇಕಾದ ಕಾಲಂಗಳ ರಾಶಿಯಾಯಿತು, ಮನೆಯಲ್ಲಿ ಅಪ್ಪ ಅಮ್ಮ ಪ್ರಾಜೆಕ್ಟ್ ಮಾಡುವಂತಾಯಿತು. 2017ರಲ್ಲಿ ಕೈಬಿಟ್ಟರು.

ಬಿಗಿ ಮಾಡಿದರೆ ಯಾರಿಗೆ ಪೆಟ್ಟು?

ಇಲ್ಲಿ ಇನ್ನೊಂದು ಮಾತನ್ನು ಕಿವಿಗೊಟ್ಟು ಕೇಳಬೇಕು. ಸಬ್ಜೆಕ್ಟ್ ಮಿನಿಮಮ್ಮನ್ನು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ವಿರೋಧಿಸಿತು. ಕಲಿಸುವುದನ್ನು ಸರಿಮಾಡದೆ ಗೆರೆ ಮೇಲೆತ್ತಿದರೆ ಮೊದಲು ಬೀಳುವುದು ಹಿಂದುಳಿದ ಮನೆಗಳ ಮಕ್ಕಳು ಎಂಬುದು ವಿರೋಧದ ತಿರುಳು. ಮನೆಯಲ್ಲಿ ಪುಸ್ತಕ, ಇಂಟರ್ನೆಟ್, ಓದಿದ ತಾಯಿ ಇರುವ ನನ್ನ ಮಗಳಿಗೆ 24 ಕಷ್ಟವಲ್ಲ. ವಯನಾಡಿನ ಆದಿವಾಸಿ ಹಾಡಿಯ ಮಗುವಿಗೆ, ಕಡಲ ತೀರದ ಮನೆಯ ಮಗುವಿಗೆ ಅದೇ ಮಾತು ಹೇಳಲಾಗದು.

ನಾನು ಈ ಆತಂಕವನ್ನು ಒಪ್ಪುತ್ತೇನೆ, ಆದರೆ ಅದರ ಮದ್ದು ಎಲ್ಲರಿಗೂ ಇಪ್ಪತ್ತು ಎಂಬುದನ್ನು ಒಪ್ಪುವುದಿಲ್ಲ. ಎಲ್ಲರಿಗೂ ಇಪ್ಪತ್ತು ಎಂದರೆ ಯಾವ ಮಗು ಎಲ್ಲಿ ಎಡವುತ್ತಿದೆ ಎಂಬುದು ಹತ್ತನೇ ತರಗತಿವರೆಗೂ ಯಾರಿಗೂ ತಿಳಿಯುವುದಿಲ್ಲ. ಬಡವರ ಮಗುವಿಗೆ ಕೊಟ್ಟ ಸುಳ್ಳು ಎ ಪ್ಲಸ್ ಪ್ಲಸ್ ಒನ್ನಿನ ಮೊದಲ ಪರೀಕ್ಷೆಯಲ್ಲಿ ಕಳಚಿ ಬೀಳುತ್ತದೆ. ಅನುಕೂಲಸ್ಥರ ಮಗು ಟ್ಯೂಷನ್ನಿಗೆ ಹೋಗಿ ಎದ್ದು ನಿಲ್ಲುತ್ತದೆ. ಎಂಟನೇ ತರಗತಿಯಲ್ಲಿ ಹಿಂದುಳಿದವರನ್ನು ಫೇಲು ಮಾಡದೆ, ರಜೆಯಲ್ಲಿ ವಿಶೇಷ ತರಗತಿ ನಡೆಸಿ ಮತ್ತೆ ಪರೀಕ್ಷೆ ಕೊಟ್ಟದ್ದು ಕೇರಳ ಮಾಡಿದ ಒಳ್ಳೆಯ ಕೆಲಸ. ಅಳತೆಯಿಂದ ಆಗಬೇಕಾದ್ದೇ ಅದು. ಸೋಸಿ ಎಸೆಯುವುದಲ್ಲ, ಎಲ್ಲಿ ಕೈಹಿಡಿಯಬೇಕೆಂದು ತೋರಿಸುವುದು.

ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮಾತೂ ಇಲ್ಲಿದೆ. ಕೇರಳ ಎಸ್‌ಎಸ್‌ಎಲ್‌ಸಿಯನ್ನು ಅವರು ಕನ್ನಡದಲ್ಲಿ ಬರೆಯುತ್ತಾರೆ, ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಇರುತ್ತದೆ. ‘ವಿಶ್ಲೇಷಿಸಿದ್ದಾನೆ’, ‘ವಿವರಿಸಿದ್ದಾನೆ’ ಎಂಬೆರಡು ಹಂತಗಳ ನಡುವಿನ ವ್ಯತ್ಯಾಸ ಮಲಯಾಳಂನಲ್ಲಿ ಒಂದು ರೀತಿ, ಕನ್ನಡಕ್ಕೆ ಇಳಿದಾಗ ಇನ್ನೊಂದು ರೀತಿ ಆಗಬಾರದು. ಪ್ರಶ್ನೆಪತ್ರಿಕೆಯ ಅನುವಾದಕ್ಕೆ ಹೋರಾಡಿದಷ್ಟೇ ಅಳತೆಪಟ್ಟಿಯ ಕನ್ನಡಕ್ಕೂ ನಾವು ದನಿ ಎತ್ತಬೇಕು.

ಕೇಳಬಹುದಾದದ್ದು

ಹೊರನಾಡಿನಲ್ಲಿರುವ ನಮ್ಮಂಥವರು ಶಾಲೆಗೆ ಹೋಗಿ ಗಲಾಟೆ ಮಾಡಬೇಕಿಲ್ಲ. ಕೆಲವು ಪ್ರಶ್ನೆ ಮೆಲ್ಲಗೆ ಕೇಳಬಹುದು. ಪ್ರಾಜೆಕ್ಟ್ ಕೊಡುವಾಗಲೇ ಏನನ್ನು ನೋಡಿ ಅಂಕ ಕೊಡುತ್ತೀರೆಂದು ಮಕ್ಕಳಿಗೆ ಹೇಳುತ್ತೀರಾ? ಹಂತಗಳಲ್ಲಿ ‘ಉತ್ತಮ’, ‘ಸಾಧಾರಣ’ ಎಂದಷ್ಟೇ ಇದೆಯೋ, ಕಣ್ಣಿಗೆ ಕಾಣುವಂಥ ಕೆಲಸದ ವಿವರ ಇದೆಯೋ? ಕಳೆದ ವರ್ಷದ ಒಂದು ಒಳ್ಳೆಯ, ಒಂದು ನಡುವಿನ ಮಾದರಿ ತೋರಿಸುತ್ತೀರಾ? ಇಬ್ಬರು ಶಿಕ್ಷಕರು ನಾಲ್ಕು ಪ್ರಾಜೆಕ್ಟನ್ನಾದರೂ ಬೇರೆ ಬೇರೆಯಾಗಿ ತಿದ್ದಿ ಹೋಲಿಸಿದ್ದೀರಾ? ಅಂಕದ ಜೊತೆ ಒಂದು ಸಾಲು ಸಲಹೆ ಮಗುವಿಗೆ ಸಿಗುತ್ತದೆಯೇ?

ಪರೀಕ್ಷೆಯ ಬಗ್ಗೆ ಅನುಮಾನವಿದ್ದರೆ ದಾರಿ ಇದೆ. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲೇ, ಸಿಬಿಎಸ್‌ಇ ಮತ್ತು ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಆಂತರಿಕ ಅಂಕಕ್ಕೆ ಅಂಥ ಬೆಳಕು ಇನ್ನೂ ಬಿದ್ದಿಲ್ಲ.

ಸರ್ಕಾರಗಳು ಮಾಡಬಹುದಾದದ್ದು ಇನ್ನೂ ಸುಲಭ. ಜೂನ್ 2024ರಲ್ಲಿ ಸಿಬಿಎಸ್‌ಇ ತನ್ನ ಅಂಕಿಅಂಶ ಜಾಲಾಡಿ, ಅರ್ಧಕ್ಕೂ ಹೆಚ್ಚು ಮಕ್ಕಳ ಥಿಯರಿ ಅಂಕಕ್ಕೂ ಪ್ರಾಯೋಗಿಕ ಅಂಕಕ್ಕೂ ದೊಡ್ಡ ಅಂತರವಿದ್ದ ಸುಮಾರು 500 ಶಾಲೆಗಳನ್ನು ಗುರುತಿಸಿ ಎಚ್ಚರಿಸಿತು. ಪೂಜಪ್ಪುರದ ಪರೀಕ್ಷಾ ಭವನದ ಬಳಿಯೂ ಬೆಂಗಳೂರಿನ ಮಲ್ಲೇಶ್ವರದ ಪರೀಕ್ಷಾ ಮಂಡಳಿಯ ಬಳಿಯೂ ಪ್ರತಿ ಮಗುವಿನ ಎರಡೂ ಅಂಕ ಇವೆ. ಶಾಲಾವಾರು ಅಂತರ ತೆಗೆದು, ಹೆಚ್ಚಿದ್ದ ಕಡೆ ಶಿಕ್ಷಕರನ್ನು ಒಟ್ಟಿಗೆ ಕೂರಿಸಿ ಮಾದರಿ ಪ್ರಾಜೆಕ್ಟ್ ತಿದ್ದಿಸಲಿ. ದಂಡಿಸಲು ಅಲ್ಲ, ಕೋಲು ಸರಿಮಾಡಲು. ಆಗ ತಿರುವನಂತಪುರದ ಆ ಟೀಚರ್ ಹದಿನೈದು ಕೊಡಲು ಹೆದರಬೇಕಿಲ್ಲ, ಏಕೆಂದರೆ ಪಕ್ಕದ ಶಾಲೆಯ ಇಪ್ಪತ್ತನ್ನೂ ಯಾರೋ ನೋಡುತ್ತಿರುತ್ತಾರೆ. ಕರ್ನಾಟಕವಂತೂ ಆಂತರಿಕ ಅಂಕಕ್ಕೆ ಇಷ್ಟು ತೂಕ ಕೊಟ್ಟ ಮೇಲೆ ಇದನ್ನು ಮಾಡದೆ ವಿಧಿಯಿಲ್ಲ.

ಕಳೆದ ಭಾನುವಾರ ಮಗಳನ್ನು ಕೂರಿಸಿಕೊಂಡು ಆ ಪ್ರಾಜೆಕ್ಟಿಗೆ ನಾವಿಬ್ಬರೂ ಒಂದು ಪಟ್ಟಿ ಬರೆದೆವು. ಐದು ಸಾಲು, ನಾಲ್ಕು ಹಂತ. ಅವಳೇ ಅಂಕ ಹಾಕಿಕೊಂಡಳು. ಹನ್ನೊಂದು ಬಂತು. ಸ್ವಲ್ಪ ಹೊತ್ತು ಮುಖ ಸಣ್ಣದು ಮಾಡಿಕೊಂಡಿದ್ದವಳು ಆಮೇಲೆ ಕೇಳಿದಳು: ‘ಅಮ್ಮ, ಆಲುವಾದಲ್ಲಿ ನಿಮ್ಮ ಆಫೀಸಿನ ಆಂಟಿ ಮನೆಯೊಳಗೂ ನೀರು ಬಂದಿತ್ತಂತಲ್ಲ, ಅವರನ್ನು ಮಾತಾಡಿಸಬಹುದಾ?’

ತಮ್ಮನಿಗೂ ಫೋನ್ ಮಾಡಿ ಹೇಳಿದೆ. ಇನ್ನೂರ ಆರನ್ನು ಮರೆತುಬಿಡು, ಮಗನ ಪ್ರಿಪರೇಟರಿ ಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ತರಿಸಿ, ಎಲ್ಲಿ ಅಂಕ ಹೋಯಿತು ಎಂದು ಅವನ ಪಕ್ಕ ಕೂತು ನೋಡು ಎಂದು. ‘ಆಯ್ತಕ್ಕ’ ಎಂದ. ನೋಡುತ್ತಾನೋ ಇಲ್ಲವೋ, ಮುಂದಿನ ವಾರ ಮತ್ತೆ ಕೇಳಬೇಕು.